ಜೀವಕೋಶದ ಕದಿರು ಮತ್ತು ಥಿಯೋಡೋರ್ ಬೊವೆರಿ



ಕೋಶವಿಭಜನೆಯ ಚಿತ್ರವನ್ನು ನೀವೆಲ್ಲರೂ ಒಂದಲ್ಲ ಒಂದು ತರಗತಿಯಲ್ಲಿ ಬರೆದಿದ್ದೀರಿ. ಒಂದು ಗೋಲ, ಅದರ ಎರಡು ತುದಿಗಳಲ್ಲಿ ಎರಡು ಚುಕ್ಕೆ, ಚುಕ್ಕೆಯಿಂದ ಚುಕ್ಕೆಗೆ ಬಿಲ್ಲಿನಂತೆ ಬಾಗಿದ ಗೆರೆಗಳು, ನಡುವೆ ಸಾಲಾಗಿ ನಿಂತ ವರ್ಣತಂತುಗಳು. ಆ ಗೆರೆಗಳಿಗೆ ಪುಸ್ತಕದಲ್ಲಿ ಕದಿರಿನ ಎಳೆಗಳು ಎಂಬ ಹೆಸರಿದೆ. ನೂಲುವ ಕದಿರಿನಂತೆ ಎರಡೂ ಕೊನೆ ಚೂಪಾಗಿ, ನಡು ಉಬ್ಬಿರುವುದರಿಂದ ಆ ಹೆಸರು. ಉರ್ದು ಪುಸ್ತಕದಲ್ಲಿ ಇದೇ ತಕ್ಲಾ ಆಗಿದೆ. ಈ ಪದ ಬಂದ ಕೂಡಲೇ ಹಿಂದಿನ ಬೆಂಚಿನವರು ನಗುತ್ತಾರೆ, ಏಕೆಂದರೆ ಬೋಳುತಲೆಗೆ ಹೇಳುವ ಟಕ್ಲಾ ಎಂಬ ಮಾತೇ ಅವರಿಗೆ ಕೇಳಿಸುತ್ತದೆ.

ನಾನು ಭಾಷೆ ಕಲಿಸುವ ಶಿಕ್ಷಕ, ವಿಜ್ಞಾನದವನಲ್ಲ. ಒಮ್ಮೆ ವಿಜ್ಞಾನ ಶಿಕ್ಷಕರು ರಜೆಯಲ್ಲಿದ್ದಾಗ ಅವರ ಅವಧಿ ನನಗೆ ಬಂತು. ಚಿತ್ರ ಬರೆಸಿದೆ. ಒಬ್ಬ ಹುಡುಗ ಎದ್ದು, ವರ್ಣತಂತುಗಳನ್ನು ಎರಡು ಕಡೆಗೆ ಎಳೆಯುವವರು ಯಾರು, ಒಂದು ಹೆಚ್ಚು ಒಂದು ಕಡಿಮೆ ಆಗದಂತೆ ಎಣಿಸುವವರು ಯಾರು ಎಂದು ಕೇಳಿದ. ಎಲ್ಲವೂ ಅಲ್ಲಾಹನ ಕುದ್ರತ್ ಎಂದು ಹೇಳಿ ಕೂರಿಸಬಹುದಿತ್ತು. ಆ ಮಾತು ಸುಳ್ಳೇನೂ ಅಲ್ಲ. ಆದರೆ ಹುಡುಗ ಕೇಳಿದ್ದು ಆ ಕುದ್ರತ್ ಯಾವ ರೀತಿಯಲ್ಲಿ ಕೆಲಸ ಮಾಡುತ್ತದೆ ಎಂಬುದನ್ನು. ನನಗೆ ಗೊತ್ತಿರಲಿಲ್ಲ. ಉತ್ತರ ಹುಡುಕುತ್ತ ಹೋದಾಗ ಮತ್ತೆ ಮತ್ತೆ ಎದುರಾದ ಹೆಸರು ಥಿಯೋಡೋರ್ ಬೊವೆರಿ. ತಳಿವಿಜ್ಞಾನದ ಪುಸ್ತಕಗಳಲ್ಲಿ ಸಟನ್-ಬೊವೆರಿ ಸಿದ್ಧಾಂತ ಎಂಬ ಜೋಡಿಹೆಸರಿನಲ್ಲಿ ಅವರು ಪ್ರಸಿದ್ಧರು. ಆದರೆ ಅವರ ಬದುಕನ್ನು ನಮ್ಮ ಮಕ್ಕಳಿಗೆ ಯಾರೂ ಹೇಳುವುದಿಲ್ಲ.

ಬೊವೆರಿ ಹುಟ್ಟಿದ್ದು 1862ರ ಅಕ್ಟೋಬರ್ 12ರಂದು, ಜರ್ಮನಿಯ ಬವೇರಿಯ ಪ್ರಾಂತದ ಬಾಂಬೆರ್ಗ್ ಎಂಬ ಊರಿನಲ್ಲಿ. ತಂದೆ ವೈದ್ಯರು. ನಾಲ್ವರು ಗಂಡುಮಕ್ಕಳಲ್ಲಿ ಇವರು ಎರಡನೆಯವರು. ತಮ್ಮ ವಾಲ್ಟರ್ ಮುಂದೆ ಎಂಜಿನಿಯರ್ ಆಗಿ 1891ರಲ್ಲಿ ಸ್ವಿಟ್ಜರ್ಲೆಂಡಿನ ಬಾಡೆನ್‌ನಲ್ಲಿ ಬ್ರೌನ್ ಬೊವೆರಿ ಎಂಬ ವಿದ್ಯುತ್ ಯಂತ್ರಗಳ ಕಂಪನಿಯನ್ನು ಪಾಲುದಾರರೊಂದಿಗೆ ಕಟ್ಟಿದರು. ಇಂದಿನ ಎ.ಬಿ.ಬಿ. ಎಂಬ ಹೆಸರಿನ ಕೊನೆಯ ಬಿ ಅಕ್ಷರ ಆ ತಮ್ಮನದು. ಅಣ್ಣನಿಗೆ ಚಿತ್ರಕಲೆ ಮತ್ತು ಸಂಗೀತದ ಹುಚ್ಚು. ಪಿಯಾನೋ ಚೆನ್ನಾಗಿ ನುಡಿಸುತ್ತಿದ್ದರು, ಬಣ್ಣದ ಚಿತ್ರ ಬರೆಯುತ್ತಿದ್ದರು. ಮ್ಯೂನಿಕ್ ವಿಶ್ವವಿದ್ಯಾಲಯ ಸೇರಿದಾಗ ಆರಿಸಿಕೊಂಡದ್ದು ಇತಿಹಾಸ ಮತ್ತು ತತ್ವಶಾಸ್ತ್ರವನ್ನು. ಸ್ವಲ್ಪ ಕಾಲದಲ್ಲೇ ಅದನ್ನು ಬಿಟ್ಟು ಅಂಗರಚನಾಶಾಸ್ತ್ರಕ್ಕೆ ಬಂದರು. ಪದವಿಗೆ ಒಂದು ವಿಷಯ ತೆಗೆದುಕೊಂಡು ಮನಸ್ಸು ಇನ್ನೊಂದರ ಕಡೆ ಎಳೆಯುತ್ತಿರುವ ವಿದ್ಯಾರ್ಥಿಗಳು ಇದನ್ನು ಓದುತ್ತಿದ್ದರೆ ಇದು ಅವರ ಗಮನಕ್ಕೆ.

1885ರಲ್ಲಿ ನರತಂತುಗಳ ಮೇಲಿನ ಪ್ರಬಂಧಕ್ಕೆ ಡಾಕ್ಟರೇಟ್ ದೊರೆಯಿತು. ಮುಂದಿನ ಹಲವು ವರ್ಷ ಅವರನ್ನು ಹೊತ್ತು ನಡೆಸಿದ್ದು ಲಾಮಾಂಟ್ ಹೆಸರಿನ ದತ್ತಿಯ ವಿದ್ಯಾರ್ಥಿವೇತನ. ಪಾಠ ಮಾಡುವ ಹೊರೆಯಿಲ್ಲ, ಊಟದ ಚಿಂತೆಯಿಲ್ಲ, ಸೂಕ್ಷ್ಮದರ್ಶಕದ ಮುಂದೆ ಕೂರುವುದೊಂದೇ ಕೆಲಸ. ನಾವು ವಿದ್ಯಾರ್ಥಿವೇತನ ಕೊಡುವವರು ವರ್ಷ ತುಂಬುವುದರೊಳಗೆ ಅಂಕಪಟ್ಟಿ ಕೇಳುತ್ತೇವೆ, ಎರಡು ಅಂಕ ಕಡಿಮೆಯಾದರೆ ಹೆಸರು ಹೊಡೆದುಹಾಕುತ್ತೇವೆ. ಬೊವೆರಿಯವರ ಜೀವನದ ಮುಖ್ಯ ಕೆಲಸ ಶುರುವಾದದ್ದು ಹೀಗೆ ಯಾರೂ ಅವಸರ ಮಾಡದ ವರ್ಷಗಳಲ್ಲಿ ಎಂಬುದನ್ನು ಸಂಘದ ಹಿರಿಯರ ಮುಂದೆ ವಿನಯದಿಂದ ಇಡುತ್ತೇನೆ.

ಆ ಕಾಲದಲ್ಲಿ ಜೀವಕೋಶದ ಬಗ್ಗೆ ಏನು ಗೊತ್ತಿತ್ತು ನೋಡೋಣ. ವಾಲ್ಟರ್ ಫ್ಲೆಮಿಂಗ್ ಎಂಬ ವಿಜ್ಞಾನಿ ಸಾಲಮಾಂಡರ್ ಮರಿಗಳ ಕೋಶಗಳಿಗೆ ಬಣ್ಣ ಹಾಕಿ, ವಿಭಜನೆಯ ಹಂತಗಳನ್ನು ಒಂದೊಂದಾಗಿ ಬರೆದು 1882ರಲ್ಲಿ ದೊಡ್ಡ ಗ್ರಂಥ ಹೊರತಂದಿದ್ದರು. ಮೈಟಾಸಿಸ್ ಎಂಬ ಹೆಸರು ಅವರು ಕೊಟ್ಟದ್ದು. ಬಣ್ಣ ಹಿಡಿಯುವ ಎಳೆಗಳು ಉದ್ದಕ್ಕೆ ಸೀಳಿ ಎರಡಾಗುತ್ತವೆ ಎಂಬುದನ್ನೂ ಅವರು ಕಂಡಿದ್ದರು. ಬೆಲ್ಜಿಯಂನ ಎಡ್ವರ್ಡ್ ಫಾನ್ ಬೆನೆಡೆನ್ 1883ರಲ್ಲಿ ಕುದುರೆಯ ಕರುಳಿನ ದುಂಡುಹುಳುವಿನ ಮೊಟ್ಟೆಯನ್ನು ನೋಡಿ, ತಾಯಿಯಿಂದ ಎಷ್ಟು ಎಳೆಗಳು ಬರುತ್ತವೆಯೋ ತಂದೆಯಿಂದಲೂ ಅಷ್ಟೇ ಬರುತ್ತವೆ ಎಂದು ತೋರಿಸಿದ್ದರು. ಕ್ರೋಮೋಸೋಮ್, ಅಂದರೆ ವರ್ಣತಂತು ಎಂಬ ಹೆಸರು ಬಂದದ್ದು 1888ರಲ್ಲಿ, ವಾಲ್ಡೆಯರ್ ಅವರಿಂದ.

ಬೊವೆರಿ ಹಿಡಿದದ್ದೂ ಅದೇ ದುಂಡುಹುಳುವನ್ನು. ಹುಳುವಿನ ಹೆಸರು ಕೇಳಿದರೆ ಅಸಹ್ಯ ಎನಿಸಬಹುದು. ಆದರೆ ಸೂಕ್ಷ್ಮದರ್ಶಕದವರಿಗೆ ಅದೊಂದು ವರ. ನಮ್ಮ ಕೋಶದಲ್ಲಿ 46 ವರ್ಣತಂತುಗಳಿದ್ದು ಎಣಿಸುವುದೇ ಕಷ್ಟ. ಆ ಹುಳುವಿನ ಮೊಟ್ಟೆಯಲ್ಲಿ ನಾಲ್ಕೇ, ಒಂದು ಬಗೆಯಲ್ಲಂತೂ ಎರಡೇ. ಅವೂ ದಪ್ಪ, ಉದ್ದ.

1887, 1888 ಮತ್ತು 1890ರಲ್ಲಿ ಕೋಶ ಅಧ್ಯಯನಗಳು ಎಂಬ ಹೆಸರಿನಲ್ಲಿ ಅವರ ಸರಣಿ ಪ್ರಕಟವಾಯಿತು. ಕದಿರಿನ ಎರಡು ತುದಿಗಳಲ್ಲಿರುವ ಚುಕ್ಕೆಗೆ 1888ರಲ್ಲಿ ಅವರು ಸೆಂಟ್ರೋಸೋಮ್ ಎಂದು ಹೆಸರಿಟ್ಟರು. ಅದು ಸುಮ್ಮನೆ ಇರುವ ಚುಕ್ಕೆಯಲ್ಲ, ಕೋಶ ಒಡೆಯುವುದಕ್ಕೆ ಮೊದಲು ತಾನೇ ಎರಡಾಗಿ, ಎದುರುಬದುರು ದಿಕ್ಕಿಗೆ ಸರಿದು, ಎರಡು ಕಡೆಯಿಂದಲೂ ಎಳೆಗಳನ್ನು ಹೊರಡಿಸಿ ಕದಿರು ಕಟ್ಟುತ್ತದೆ ಎಂದು ತೋರಿಸಿದರು. ಮೊಟ್ಟೆಗೆ ಈ ಚುಕ್ಕೆಯನ್ನು ತರುವುದು ಗಂಡಿನ ವೀರ್ಯಾಣು ಎಂದೂ ಹೇಳಿದರು. ಮೊಟ್ಟೆಯಲ್ಲಿ ಆಹಾರವೂ ಇದೆ, ಜಾಗವೂ ಇದೆ, ಆದರೆ ಎರಡಾಗುವ ಶಕ್ತಿ ಇಲ್ಲ. ಆ ಚುಕ್ಕೆ ಒಳಬಂದ ಮೇಲೆ ಕೆಲಸ ಆರಂಭ. ಎಳೆಗಳು ವರ್ಣತಂತುವಿಗೆ ಹೇಗೆ ಅಂಟುತ್ತವೆ ಎಂಬುದನ್ನೂ ಅವರು ಗಮನಿಸಿದರು. ಸೀಳಿದ ಪ್ರತಿಯೊಂದು ವರ್ಣತಂತುವಿನ ಒಂದು ಅರ್ಧಕ್ಕೆ ಒಂದು ತುದಿಯ ಎಳೆ, ಇನ್ನೊಂದು ಅರ್ಧಕ್ಕೆ ಎದುರು ತುದಿಯ ಎಳೆ. ಎರಡೂ ಕಡೆಯ ಹಿಡಿತ ಸರಿಸಮವಾದಾಗ ಅದು ನಡುವೆ ನಿಲ್ಲುತ್ತದೆ.

ಇನ್ನೊಂದು ಪ್ರಶ್ನೆ ಅವರನ್ನು ಜೀವನವಿಡೀ ಕಾಡಿತು. ವಿಭಜನೆ ಮುಗಿದ ಮೇಲೆ ವರ್ಣತಂತುಗಳು ಕಣ್ಣಿಗೆ ಕಾಣದೆ ಕೋಶಕೇಂದ್ರದಲ್ಲಿ ಕರಗಿದಂತಾಗುತ್ತವೆ. ಮುಂದಿನ ಸಲ ಕಾಣಿಸಿಕೊಳ್ಳುವವು ಹಳೆಯವೇ, ಅಥವಾ ಹೊಸದಾಗಿ ಕೂಡಿಕೊಂಡವೇ? ಬಹಳ ಜನ ಹೊಸದಾಗಿ ಕೂಡಿಕೊಂಡವು ಎಂದು ನಂಬಿದ್ದರು. ದುಂಡುಹುಳುವಿನ ಕೋಶಕೇಂದ್ರದಲ್ಲಿ ವರ್ಣತಂತುವಿನ ತುದಿಗಳಿರುವ ಕಡೆ ಬೆರಳಿನಂತೆ ಉಬ್ಬುಗಳಿರುತ್ತವೆ. ಮುಂದಿನ ವಿಭಜನೆಯಲ್ಲಿ ತುದಿಗಳು ಅದೇ ಉಬ್ಬುಗಳಿಂದ ಹೊರಬರುವುದನ್ನು ಬೊವೆರಿ ಕಂಡರು. ರಾತ್ರಿ ದೀಪ ಆರಿಸಿ ಮಲಗಿದವರು ಬೆಳಿಗ್ಗೆ ಅದೇ ಹಾಸಿಗೆಯಿಂದ ಎದ್ದಂತೆ. ಹಾಗಾದರೆ ಅವು ಕರಗಿಲ್ಲ, ಕಾಣದಿದ್ದವು ಅಷ್ಟೇ.

ಒಂದು ಹೆಜ್ಜೆ ಇನ್ನೂ ಬಾಕಿಯಿತ್ತು. ಪ್ರತಿ ವರ್ಣತಂತುವೂ ಉಳಿದುಕೊಳ್ಳುತ್ತದೆ, ಸರಿ. ಆದರೆ ಎಲ್ಲವೂ ಒಂದೇ ಬಗೆಯವೇ, ಅಥವಾ ಒಂದೊಂದಕ್ಕೂ ಬೇರೆ ಬೇರೆ ಕೆಲಸವಿದೆಯೇ? ಎಲ್ಲವೂ ಒಂದೇ ಆದರೆ ಕದಿರು ಇಷ್ಟೊಂದು ಜಾಗ್ರತೆಯಿಂದ ಹಂಚುವ ಅಗತ್ಯವೇನು? ಅಕ್ಕಿಯ ಮೂಟೆಯನ್ನು ಎರಡು ಪಾಲು ಮಾಡುವಾಗ ಯಾರೂ ಕಾಳು ಎಣಿಸುವುದಿಲ್ಲ. ಆದರೆ ಒಂದು ಗ್ರಂಥದ 18 ಸಂಪುಟಗಳನ್ನು ಇಬ್ಬರಿಗೆ ಎರಡೆರಡು ಪ್ರತಿಯಂತೆ ಹಂಚುವಾಗ ಎಣಿಸಿ, ಹೆಸರು ನೋಡಿ ಕೊಡಬೇಕಾಗುತ್ತದೆ. ಅಕ್ಕಿಯೋ ಸಂಪುಟವೋ ಎಂಬುದನ್ನು ಕಣ್ಣಿನಿಂದ ನೋಡಿ ಹೇಳುವಂತಿರಲಿಲ್ಲ.

1893ರಲ್ಲಿ, ಮೂವತ್ತು ತುಂಬಿದ ಕೆಲವೇ ತಿಂಗಳಲ್ಲಿ, ಬೊವೆರಿ ವೂರ್ಟ್ಸ್‌ಬುರ್ಗ್ ವಿಶ್ವವಿದ್ಯಾಲಯದಲ್ಲಿ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರಾದರು. ಸಾಯುವವರೆಗೂ ಅಲ್ಲೇ ಇದ್ದರು. ಅದೇ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ರಾಂಟ್‌ಗೆನ್ ಅವರ ಆಪ್ತ ಸ್ನೇಹಿತರು. 1895ರ ಕೊನೆಯಲ್ಲಿ ರಾಂಟ್‌ಗೆನ್ ಎಕ್ಸ್-ಕಿರಣಗಳನ್ನು ಕಂಡಾಗ, ಏನೋ ಸ್ವಾರಸ್ಯವಾದದ್ದು ಸಿಕ್ಕಿದೆ, ನೋಡಿದ್ದು ಸರಿಯೋ ಅಲ್ಲವೋ ಗೊತ್ತಿಲ್ಲ ಎಂಬ ಅರ್ಥದ ಮಾತನ್ನು ಹೇಳಿಕೊಂಡದ್ದು ಬೊವೆರಿಯವರ ಬಳಿ. ಇಂಥ ಮಾತನ್ನು ನಾವು ಯಾರ ಬಳಿ ಹೇಳುತ್ತೇವೆ? ನಗದೆ ಕೇಳುವವರ ಬಳಿ.

1896ರಲ್ಲಿ ಅವರ ಪ್ರಯೋಗಾಲಯಕ್ಕೆ ಅಮೆರಿಕದಿಂದ ಮಾರ್ಸೆಲ್ಲಾ ಓ'ಗ್ರೇಡಿ ಎಂಬ ಮಹಿಳೆ ಬಂದರು. ಬಾಸ್ಟನ್ನಿನವರು. ಎಂ.ಐ.ಟಿ.ಯಲ್ಲಿ ಜೀವಶಾಸ್ತ್ರ ಪದವಿ ಪಡೆದ ಮೊದಲ ಮಹಿಳೆ. ಆಗಲೇ ಅಲ್ಲಿನ ವಾಸರ್ ಕಾಲೇಜಿನಲ್ಲಿ ಪ್ರಾಧ್ಯಾಪಕಿಯಾಗಿದ್ದವರು. ವೂರ್ಟ್ಸ್‌ಬುರ್ಗಿನಲ್ಲಿ ಅದುವರೆಗೆ ಹೆಣ್ಣುಮಕ್ಕಳಿಗೆ ವಿಜ್ಞಾನದ ಬಾಗಿಲು ತೆರೆದಿರಲಿಲ್ಲ. ವಿಶೇಷ ಅನುಮತಿಯ ಮೇಲೆ ಅವರಿಗೆ ಪ್ರವೇಶ ದೊರೆಯಿತು. ಮರುವರ್ಷ, 1897ರಲ್ಲಿ, ಬೊವೆರಿ ಮತ್ತು ಮಾರ್ಸೆಲ್ಲಾ ಮದುವೆಯಾದರು. 1900ರಲ್ಲಿ ಹುಟ್ಟಿದ ಮಗಳು ಮಾರ್ಗ್ರೆಟ್ ಮುಂದೆ ಜರ್ಮನಿಯ ಹೆಸರಾಂತ ಪತ್ರಕರ್ತೆಯಾದರು. ಮಾರ್ಸೆಲ್ಲಾ ಬಂದ ಮೇಲೆ ಬೊವೆರಿಯವರ ಬಾಗಿಲು ಇತರ ವಿದ್ಯಾರ್ಥಿನಿಯರಿಗೂ ತೆರೆಯಿತು. ಅವರಲ್ಲಿ ಒಬ್ಬರು ಅಮೆರಿಕದ ನೆಟ್ಟಿ ಸ್ಟೀವನ್ಸ್. ಶಾಲಾ ಶಿಕ್ಷಕಿಯಾಗಿ ವರ್ಷಗಟ್ಟಲೆ ದುಡಿದು, ಹಣ ಕೂಡಿಸಿ, ತಡವಾಗಿ ಕಾಲೇಜು ಸೇರಿದವರು. 1905ರಲ್ಲಿ, ಹಿಟ್ಟಿನ ಹುಳುವಿನಲ್ಲಿ ಗಂಡು ಹೆಣ್ಣೆಂಬುದನ್ನು ನಿರ್ಧರಿಸುವ ಚಿಕ್ಕ ವರ್ಣತಂತುವನ್ನು ಗುರುತಿಸಿದವರು ಅವರೇ. ಹೆಣ್ಣು ಹುಟ್ಟಿತೆಂದು ಸೊಸೆಯನ್ನು ದೂರುವ ಮನೆಗಳಲ್ಲಿ ಈ ಸಂಗತಿಯನ್ನು ಓದಿ ಹೇಳಬೇಕು. ಮನುಷ್ಯರಲ್ಲಿಯೂ ಆ ಚಿಕ್ಕ ವರ್ಣತಂತು ಬರುವುದು ತಂದೆಯ ಕಡೆಯಿಂದ.

ಈಗ ಮುಖ್ಯ ಪ್ರಯೋಗಕ್ಕೆ ಬರೋಣ. ಇಟಲಿಯ ನೇಪಲ್ಸ್ ನಗರದ ಕಡಲತೀರದಲ್ಲಿ ಆಂಟನ್ ಡೋರ್ನ್ ಎಂಬುವರು 1872ರಲ್ಲಿ ಸ್ಥಾಪಿಸಿದ ಸಮುದ್ರಜೀವಿಗಳ ಸಂಶೋಧನಾ ಕೇಂದ್ರವಿತ್ತು. ಬೇರೆ ಬೇರೆ ದೇಶಗಳ ಸರ್ಕಾರಗಳು, ವಿಶ್ವವಿದ್ಯಾಲಯಗಳು ಅಲ್ಲಿ ಮೇಜುಗಳನ್ನು ಬಾಡಿಗೆಗೆ ಹಿಡಿದು ತಮ್ಮ ವಿದ್ವಾಂಸರನ್ನು ಕಳಿಸುತ್ತಿದ್ದವು. ಬೊವೆರಿ ಹಲವು ಬಾರಿ ಅಲ್ಲಿಗೆ ಹೋದರು. 1901-02ರ ಚಳಿಗಾಲದಲ್ಲಿ ದಂಪತಿಗಳಿಬ್ಬರೂ ಅಲ್ಲಿ ಕೂತು ಸಮುದ್ರ ಚೆಂಡುಮುಳ್ಳಿಯ ಮೊಟ್ಟೆಗಳ ಮೇಲೆ ಕೆಲಸ ಮಾಡಿದರು. ಮೈತುಂಬ ಮುಳ್ಳಿರುವ, ನಿಂಬೆಹಣ್ಣಿನಿಂದ ಕಿತ್ತಳೆಯಷ್ಟು ಗಾತ್ರದ ಪ್ರಾಣಿ ಅದು. ಅದರ ಮೊಟ್ಟೆಗಳು ಗಾಜಿನಂತೆ ತಿಳಿ. ಒಂದು ಪಾತ್ರೆಯ ಸಮುದ್ರದ ನೀರಿನಲ್ಲಿ ಸಾವಿರಾರು ಮೊಟ್ಟೆಗಳು ಕಣ್ಣೆದುರಿಗೇ ಬೆಳೆಯುತ್ತವೆ.

ಸಾಮಾನ್ಯವಾಗಿ ಒಂದು ಮೊಟ್ಟೆಗೆ ಒಂದೇ ವೀರ್ಯಾಣು ಸೇರುತ್ತದೆ. ವೀರ್ಯಾಣುಗಳ ಸಂಖ್ಯೆ ಬಹಳ ಹೆಚ್ಚಾಗಿದ್ದರೆ ಕೆಲವು ಮೊಟ್ಟೆಗಳಿಗೆ ಎರಡು ನುಗ್ಗುತ್ತವೆ. ಆಗ ಏನಾಗುತ್ತದೆ? ಎರಡು ವೀರ್ಯಾಣು ಎಂದರೆ ಎರಡು ಸೆಂಟ್ರೋಸೋಮ್. ಒಂದೊಂದೂ ಎರಡಾದರೆ ನಾಲ್ಕು ತುದಿ. ಎರಡು ಕೊನೆಯ ಕದಿರಿನ ಬದಲು ನಾಲ್ಕು ಮೂಲೆಯ ಕದಿರು! ಮೊಟ್ಟೆ ಎರಡಾಗದೆ ಒಮ್ಮೆಲೇ ನಾಲ್ಕಾಗುತ್ತದೆ. ಅಂಥ ಮೊಟ್ಟೆಗಳು ಬಹುತೇಕ ಸಾಯುತ್ತವೆ ಎಂಬುದು ಮೊದಲೇ ಗೊತ್ತಿತ್ತು. ಏಕೆ ಸಾಯುತ್ತವೆ ಎಂದು ಕೇಳಿದವರು ಬೊವೆರಿ.

ಲೆಕ್ಕ ನೋಡಿ. ತಾಯಿಯಿಂದ 18 ವರ್ಣತಂತು, ಇಬ್ಬರು ತಂದೆಯರಿಂದ 18ರಂತೆ 36, ಒಟ್ಟು 54. ಒಂದೊಂದೂ ಸೀಳಿದರೆ 108 ಅರ್ಧಗಳು. ನಾಲ್ಕು ಕೋಶಗಳಿಗೆ ಹಂಚಿದರೆ ಸರಾಸರಿ 27. ಆದರೆ ಯಾವುದು ಯಾವ ಮೂಲೆಗೆ ಹೋಗುತ್ತದೆ ಎಂಬುದಕ್ಕೆ ಕಟ್ಟುನಿಟ್ಟಿಲ್ಲ, ಹತ್ತಿರವಿದ್ದ ಎರಡು ಮೂಲೆಗಳ ನಡುವೆ ಸಿಕ್ಕಿಕೊಂಡು ಆ ಎರಡಕ್ಕೇ ಹೋಗುತ್ತದೆ. ಮೊಟ್ಟೆಗಳನ್ನು ಸರಿಯಾದ ವೇಳೆಗೆ ಕುಲುಕಿದರೆ ಒಂದು ಸೆಂಟ್ರೋಸೋಮ್ ಎರಡಾಗದೆ ಉಳಿದು ಮೂರೇ ತುದಿಗಳಾಗುತ್ತವೆ ಎಂಬುದನ್ನೂ ಬೊವೆರಿ ಕಂಡುಕೊಂಡರು. ಆಗ 108 ಅರ್ಧಗಳು ಮೂರು ಕೋಶಗಳಿಗೆ, ಸರಾಸರಿ 36ರಂತೆ.

ವರ್ಣತಂತುಗಳೆಲ್ಲ ಅಕ್ಕಿಕಾಳಿನಂತೆ ಒಂದೇ ಆಗಿದ್ದರೆ, 27 ಇದ್ದ ಕೋಶವೂ ಚೆನ್ನಾಗಿಯೇ ಬದುಕಬೇಕು. ಏಕೆಂದರೆ ಕೇವಲ 18 ಇರುವ ಮೊಟ್ಟೆಗಳೂ ಮರಿಯಾಗಿ ಬೆಳೆಯುವುದನ್ನು ಬೇರೆ ಪ್ರಯೋಗಗಳಲ್ಲಿ ಕಂಡಿದ್ದರು. ಆದರೆ ನಾಲ್ಕಾಗಿ ಒಡೆದ ಮೊಟ್ಟೆಗಳಲ್ಲಿ ಸರಿಯಾದ ಮರಿ ಬಂದದ್ದು ಇಲ್ಲವೆಂಬಷ್ಟು ವಿರಳ. ಮೂರಾಗಿ ಒಡೆದವುಗಳಲ್ಲಿ ನೂರಕ್ಕೆ ಹತ್ತಕ್ಕಿಂತ ಸ್ವಲ್ಪ ಕಡಿಮೆ. ಈ ವ್ಯತ್ಯಾಸ ಎಲ್ಲಿಂದ? ಬೊವೆರಿ ಸಂಖ್ಯೆ ಬರೆದ ಗುಂಡುಗಳನ್ನು ತಟ್ಟೆಯಲ್ಲಿ ಹರಡಿ, ಅಡ್ಡಪಟ್ಟಿ ಇಟ್ಟು, ಯಾವ ಭಾಗಕ್ಕೆ ಯಾವ ಸಂಖ್ಯೆ ಬಿತ್ತೆಂದು ಮತ್ತೆ ಮತ್ತೆ ಎಣಿಸಿದರು. ಪ್ರಾಧ್ಯಾಪಕರೊಬ್ಬರು ಮಕ್ಕಳಂತೆ ಗೋಲಿ ಆಡುತ್ತಿರುವುದನ್ನು ಊಹಿಸಿಕೊಳ್ಳಿ.

ನಾನು ನಮ್ಮ ಗಣಿತ ಶಿಕ್ಷಕರ ಜೊತೆ ಕೂತು ಅದನ್ನೇ ಕಾಗದದ ಮೇಲೆ ಮಾಡಿದೆ. ಪ್ರತಿ ಬಗೆಯ ವರ್ಣತಂತುವಿಗೆ ಮೂರು ಪ್ರತಿಗಳಿವೆ. ಮೂರು ಮೂಲೆಗಳಾದರೆ ಒಂದು ಬಗೆ ಮೂರೂ ಕೋಶಗಳಿಗೆ ತಲುಪುವ ಸಾಧ್ಯತೆ 9ರಲ್ಲಿ 8. ಹದಿನೆಂಟು ಬಗೆಗಳೂ ಹಾಗೆ ತಲುಪಬೇಕೆಂದರೆ ಅದನ್ನು ಹದಿನೆಂಟು ಸಲ ಗುಣಿಸಬೇಕು. ಬರುವುದು ನೂರಕ್ಕೆ ಸುಮಾರು 12. ನಾಲ್ಕು ಮೂಲೆಗಳಾದರೆ ಒಂದು ಬಗೆಗೆ 16ರಲ್ಲಿ 9. ಹದಿನೆಂಟು ಸಲ ಗುಣಿಸಿದರೆ ಮೂವತ್ತು ಸಾವಿರಕ್ಕೆ ಒಂದು ಮಾತ್ರ! ಮೊಟ್ಟೆಗಳು ತೋರಿಸಿದ್ದಕ್ಕೂ ಈ ಲೆಕ್ಕಕ್ಕೂ ಎಷ್ಟು ಹತ್ತಿರ ನೋಡಿ. ಗಣಿತ ಏಕೆ ಕಲಿಯಬೇಕು ಎಂದು ಕೇಳುವ ಮಕ್ಕಳಿಗೆ ಇದನ್ನು ಬರೆದು ತೋರಿಸಿ.

ಬೊವೆರಿ ಅಷ್ಟಕ್ಕೇ ನಿಲ್ಲಲಿಲ್ಲ. ನಾಲ್ಕಾಗಿ ಒಡೆದ ಮೊಟ್ಟೆಯ ಕೋಶಗಳನ್ನು ಸುಣ್ಣದ ಅಂಶವಿಲ್ಲದ ಸಮುದ್ರದ ನೀರಿನಲ್ಲಿಟ್ಟು ಬಿಡಿಸಿದರು. ಸಾಮಾನ್ಯ ಮೊಟ್ಟೆಯ ನಾಲ್ಕು ಕೋಶಗಳನ್ನು ಹಾಗೆ ಬಿಡಿಸಿದರೆ ನಾಲ್ಕೂ ಒಂದೇ ರೀತಿ ಬೆಳೆಯುತ್ತವೆ. ಇಲ್ಲಿ ನಾಲ್ಕೂ ನಾಲ್ಕು ದಾರಿ ಹಿಡಿದವು. ಒಂದು ಬೇಗ ಸತ್ತಿತು, ಇನ್ನೊಂದು ಸ್ವಲ್ಪ ದೂರ ಹೋಯಿತು, ಮತ್ತೊಂದಕ್ಕೆ ಬೇರೊಂದು ಕೊರತೆ. ಒಂದೇ ತಾಯಿಯ ಮೊಟ್ಟೆ, ಒಂದೇ ನೀರು. ಭೇದವಿದ್ದದ್ದು ಯಾರಿಗೆ ಯಾವ ವರ್ಣತಂತು ಸಿಕ್ಕಿತು ಎಂಬುದರಲ್ಲಿ ಮಾತ್ರ. ಅಂದರೆ ಅದು ಅಕ್ಕಿಯಲ್ಲ, ಸಂಪುಟ. ಒಂದು ಸಂಪುಟ ಕಡಿಮೆಯಾದರೂ ಪಾಠ ನಿಲ್ಲುತ್ತದೆ.

1902ರಲ್ಲಿ ಇದು ಅಚ್ಚಾಯಿತು. ಅದೇ ಸುಮಾರಿಗೆ ಅಮೆರಿಕದಲ್ಲಿ ವಾಲ್ಟರ್ ಸಟನ್ ಎಂಬ ವಿದ್ಯಾರ್ಥಿ ಮಿಡತೆಯ ವರ್ಣತಂತುಗಳನ್ನು ನೋಡಿ ಮೆಂಡೆಲ್ ನಿಯಮಗಳಿಗೂ ಇವುಗಳ ಹಂಚಿಕೆಗೂ ಇರುವ ಸಂಬಂಧವನ್ನು 1902-03ರಲ್ಲಿ ಬರೆದರು. ಸಟನ್ನರ ಗುರು ಇ. ಬಿ. ವಿಲ್ಸನ್ ಬೊವೆರಿಯವರ ಪರಮಮಿತ್ರರು. 1896ರ ತಮ್ಮ ಪ್ರಸಿದ್ಧ ಪುಸ್ತಕವನ್ನು ಅವರು ಬೊವೆರಿಗೇ ಅರ್ಪಿಸಿದ್ದರು.

ಇಷ್ಟೆಲ್ಲ ಓದಿ ಬೊವೆರಿ ಎಲ್ಲದರಲ್ಲೂ ಗೆದ್ದವರು ಎಂದುಕೊಳ್ಳಬೇಡಿ. 1889ರಲ್ಲಿ ಅವರು ಕೋಶಕೇಂದ್ರವಿಲ್ಲದ ಮೊಟ್ಟೆಯ ತುಣುಕಿಗೆ ಬೇರೆ ಜಾತಿಯ ವೀರ್ಯಾಣು ಸೇರಿಸಿ, ಹುಟ್ಟಿದ ಮರಿ ಬರೀ ತಂದೆಯನ್ನೇ ಹೋಲುತ್ತದೆ ಎಂದು ಪ್ರಕಟಿಸಿದ್ದರು. ಅದರಿಂದ ಅವರಿಗೆ ಬಹಳ ಹೆಸರು ಬಂದಿತ್ತು. ಆದರೆ ಅನುಮಾನ ಉಳಿದಿತ್ತು. ಅದೇ ಪ್ರಯೋಗವನ್ನು ಮತ್ತೆ ಮತ್ತೆ ಕೈಗೆತ್ತಿಕೊಂಡರು. ಕೊನೆಗೆ ತಮ್ಮ ಪ್ರಯೋಗದಲ್ಲಿ ತಪ್ಪು ನುಸುಳಲು ಎಲ್ಲಿ ಎಲ್ಲಿ ದಾರಿಯಿತ್ತು ಎಂಬುದನ್ನು ತಾವೇ ಹುಡುಕಿ ಬರೆದರು. ಆ ಲೇಖನ ಅಚ್ಚಾದದ್ದು ಅವರು ತೀರಿಕೊಂಡ ಮೇಲೆ, 1918ರಲ್ಲಿ. ಹೆಸರು ತಂದುಕೊಟ್ಟ ಕೆಲಸವನ್ನು ಕಾಲು ಶತಮಾನ ಅನುಮಾನದಿಂದ ನೋಡುತ್ತ ಬದುಕುವುದು ಸುಲಭವಲ್ಲ. ನನಗಂತೂ ಚೆಂಡುಮುಳ್ಳಿಯ ಲೆಕ್ಕಕ್ಕಿಂತ ಇದೇ ದೊಡ್ಡದಾಗಿ ಕಾಣುತ್ತದೆ.

ದೇಹ ಅವರಿಗೆ ಎಂದೂ ಪೂರ್ತಿ ಸಹಕರಿಸಲಿಲ್ಲ. ಮೂವತ್ತಕ್ಕೆ ಮೊದಲೇ ನರಗಳ ನಿಶ್ಶಕ್ತಿ, ಮನಸ್ಸಿನ ಕುಗ್ಗುವಿಕೆ ಕಾಡಿದ್ದವು. ಬರ್ಲಿನ್ನಿನಲ್ಲಿ ಹೊಸದಾಗಿ ಕಟ್ಟುತ್ತಿದ್ದ ಕೈಸರ್ ವಿಲ್ಹೆಲ್ಮ್ ಜೀವಶಾಸ್ತ್ರ ಸಂಸ್ಥೆಗೆ ನಿರ್ದೇಶಕರಾಗಲು ಅವರಿಗೆ ಕರೆ ಬಂತು. ದೇಶದಲ್ಲಿ ಅದಕ್ಕಿಂತ ದೊಡ್ಡ ಹುದ್ದೆ ಆ ವಿಷಯದಲ್ಲಿ ಇರಲಿಲ್ಲ. ಬೊವೆರಿ ಯೋಜನೆ ಹಾಕಿದರು, ಯಾರು ಯಾರನ್ನು ಕರೆಯಬೇಕೆಂದು ಪಟ್ಟಿ ಮಾಡಿದರು. ತಮ್ಮದೇ ಶಿಷ್ಯರಾದ ಹಾನ್ಸ್ ಸ್ಪೆಮಾನ್, ಇನ್ನೂ ತರುಣರಾಗಿದ್ದ ಓಟೋ ವಾರ್ಬುರ್ಗ್ ಅದರಲ್ಲಿದ್ದರು. ಇಬ್ಬರೂ ಮುಂದೆ ನೊಬೆಲ್ ಪಡೆದವರು. ಆದರೆ 1913ರಲ್ಲಿ ಆರೋಗ್ಯದ ಕಾರಣದಿಂದ ಬೊವೆರಿ ಹಿಂದೆ ಸರಿದರು. ಸಂಸ್ಥೆ ಅವರು ಹಾಕಿಕೊಟ್ಟ ನಕ್ಷೆಯ ಮೇಲೆ ಎದ್ದಿತು, ಅವರು ವೂರ್ಟ್ಸ್‌ಬುರ್ಗಿನಲ್ಲೇ ಉಳಿದರು.

ಉಳಿದ ಶಕ್ತಿಯಲ್ಲಿ 1914ರಲ್ಲಿ ಅವರು ಒಂದು ಚಿಕ್ಕ ಪುಸ್ತಕ ಬರೆದರು, ಕ್ಯಾನ್ಸರ್ ಗೆಡ್ಡೆ ಹೇಗೆ ಹುಟ್ಟುತ್ತದೆ ಎಂಬ ಬಗ್ಗೆ. ಗೆಡ್ಡೆಗಳ ಮೇಲೆ ಅವರು ಪ್ರಯೋಗ ಮಾಡಿದವರಲ್ಲ, ವೈದ್ಯರೂ ಅಲ್ಲ. ಆದರೆ ಗೆಡ್ಡೆಯ ಕೋಶಗಳಲ್ಲಿ ವಕ್ರವಾದ, ಹಲವು ತುದಿಗಳ ಕದಿರು ಕಾಣುತ್ತದೆಂದು ಹಾನ್ಸೆಮಾನ್ ಎಂಬ ವೈದ್ಯರು 1890ರಲ್ಲೇ ತೋರಿಸಿದ್ದರು. ಬೊವೆರಿಗೆ ತಮ್ಮ ಚೆಂಡುಮುಳ್ಳಿಯ ಮೊಟ್ಟೆಗಳು ನೆನಪಾದವು. ತಪ್ಪು ಹಂಚಿಕೆಯಲ್ಲಿ ಬಹುಪಾಲು ಕೋಶಗಳು ಸಾಯುತ್ತವೆ. ಆದರೆ ಎಲ್ಲೋ ಒಂದು ಕೋಶಕ್ಕೆ ಬದುಕುವಷ್ಟು ಸಂಪುಟಗಳು ಸಿಕ್ಕಿ, ವಿಭಜನೆಯನ್ನು ತಡೆಯುವ ಸಂಪುಟ ಮಾತ್ರ ಕಳೆದುಹೋದರೆ? ಅದು ಲಗಾಮಿಲ್ಲದೆ ಹೆಚ್ಚುತ್ತದೆ. ಗೆಡ್ಡೆ ಹುಟ್ಟುವುದು ಒಂದೇ ಒಂದು ಕೋಶದಿಂದ, ಕಾರಣ ವರ್ಣತಂತುಗಳ ಅಸಮತೋಲ ಎಂಬುದು ಅವರ ವಾದ. ಆ ಕಾಲದ ರೋಗಶಾಸ್ತ್ರದವರು ಇದನ್ನು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಅದೇ ವರ್ಷ ಮಹಾಯುದ್ಧ ಶುರುವಾಯಿತು. ಹೆಂಡತಿ ಅಮೆರಿಕದವರು, ಆತ್ಮೀಯ ಮಿತ್ರ ಅಮೆರಿಕದವರು, ನೇಪಲ್ಸ್ ಇಟಲಿಯಲ್ಲಿ. 1915ರ ಅಕ್ಟೋಬರ್ 15ರಂದು, 53 ತುಂಬಿದ ಮೂರನೆಯ ದಿನ, ಬೊವೆರಿ ತೀರಿಕೊಂಡರು. ಮಾರ್ಸೆಲ್ಲಾ 1920ರ ದಶಕದಲ್ಲಿ ಅಮೆರಿಕಕ್ಕೆ ಮರಳಿ, ನ್ಯೂ ಹೇವನ್ ನಗರದ ಹೆಣ್ಣುಮಕ್ಕಳ ಹೊಸ ಕಾಲೇಜೊಂದರಲ್ಲಿ ವಿಜ್ಞಾನ ವಿಭಾಗವನ್ನು ಕಟ್ಟಿದರು. ಗಂಡನ ಕ್ಯಾನ್ಸರ್ ಪುಸ್ತಕವನ್ನು ಇಂಗ್ಲಿಷಿಗೆ ಅನುವಾದಿಸಿ 1929ರಲ್ಲಿ ಹೊರತಂದರು. ಇಂಗ್ಲಿಷ್ ಬಲ್ಲ ಜಗತ್ತು ಆ ಪುಸ್ತಕವನ್ನು ಬಹುಕಾಲ ಓದಿದ್ದು ಆ ಅನುವಾದದಲ್ಲೇ. ಅವರು 1950ರಲ್ಲಿ ತೀರಿಕೊಂಡರು. 1960ರಲ್ಲಿ ಅಮೆರಿಕದ ಫಿಲಡೆಲ್ಫಿಯದಲ್ಲಿ ಒಂದು ಬಗೆಯ ರಕ್ತಕ್ಯಾನ್ಸರಿನ ಕೋಶಗಳಲ್ಲಿ ಮತ್ತೆ ಮತ್ತೆ ಅದೇ ಒಂದು ವಿಕೃತ ವರ್ಣತಂತು ಕಂಡಿತು. ವಿಭಜನೆಯನ್ನು ತಡೆಹಿಡಿಯುವ ಜೀನ್‌ಗಳೂ 1980ರ ದಶಕದಿಂದ ಒಂದೊಂದಾಗಿ ಕೈಗೆ ಸಿಕ್ಕವು.

ಇನ್ನು ನಮ್ಮ ಹುಡುಗನ ಪ್ರಶ್ನೆ. ಎಳೆಯುವವರು ಯಾರು? ಬೊವೆರಿ ಕಾಲದಲ್ಲಿ ಎಳೆಗಳನ್ನು ನೋಡಿದ್ದೆಲ್ಲ ಸತ್ತ, ಬಣ್ಣ ಹಾಕಿದ ಕೋಶಗಳಲ್ಲಿ. ಅವು ನಿಜವಾದ ಎಳೆಗಳೇ ಅಲ್ಲ, ರಾಸಾಯನಿಕ ಹಾಕಿದ್ದರಿಂದ ಆದ ಮಡಿಕೆಗಳು ಎನ್ನುವವರು ಬಹಳ ಇದ್ದರು. ಜಪಾನಿನಲ್ಲಿ ಬೆಳೆದು ಅಮೆರಿಕಕ್ಕೆ ಹೋದ ಶಿನ್ಯ ಇನೊಯೆ 1953ರಲ್ಲಿ ಧ್ರುವೀಕೃತ ಬೆಳಕಿನ ಸೂಕ್ಷ್ಮದರ್ಶಕದಿಂದ ಬದುಕಿರುವ ಕೋಶದಲ್ಲೇ ಎಳೆಗಳನ್ನು ತೋರಿಸಿ ಆ ಜಗಳ ಮುಗಿಸಿದರು. ಎಳೆ ಎಂದರೆ ಟ್ಯುಬುಲಿನ್ ಎಂಬ ಪ್ರೋಟೀನಿನ ಇಟ್ಟಿಗೆಗಳಿಂದ ಕಟ್ಟಿದ ಸಣ್ಣ ಕೊಳವೆ, ಅಡ್ಡಳತೆ ಒಂದು ಮಿಲಿಮೀಟರಿನ ನಲವತ್ತು ಸಾವಿರದಲ್ಲೊಂದು ಪಾಲು. ಕೊಳವೆಯ ತುದಿಗೆ ಇಟ್ಟಿಗೆ ಸೇರುತ್ತಲೂ ಕಳಚುತ್ತಲೂ ಇರುತ್ತದೆ. ವರ್ಣತಂತುವಿನ ಸೊಂಟದಲ್ಲಿ ಕೈನೆಟೊಕೋರ್ ಎಂಬ ಹಿಡಿಕೆಯಿದೆ. ಅದು ಕೊಳವೆಯ ತುದಿಯನ್ನು ಹಿಡಿದುಕೊಂಡಿರುವಾಗಲೇ ಇಟ್ಟಿಗೆಗಳು ಕಳಚಿ ಕೊಳವೆ ಗಿಡ್ಡವಾಗುತ್ತದೆ. ಹಿಡಿಕೆ ಕೈಬಿಡದೆ ಹಿಂದೆ ಸರಿಯುತ್ತದೆ. ಅದರ ಜೊತೆಗೆ ವರ್ಣತಂತು ನಿಮಿಷಕ್ಕೆ ಒಂದೆರಡು ಮೈಕ್ರಾನ್ ವೇಗದಲ್ಲಿ ಹೊರಡುತ್ತದೆ. ಇದಲ್ಲದೆ ಕೊಳವೆಗಳ ಮೇಲೆ ನಡೆಯುವ ಮೋಟಾರ್ ಪ್ರೋಟೀನುಗಳೂ ಇವೆ. ಅವು ಕದಿರನ್ನು ಕಟ್ಟುತ್ತವೆ, ತುದಿಗಳನ್ನು ದೂರ ತಳ್ಳುತ್ತವೆ.

ಎಣಿಸುವವರು ಯಾರು? ಯಾರೂ ಎಣಿಸುವುದಿಲ್ಲ, ಬಿಗಿ ನೋಡುತ್ತಾರೆ. ಗಾಳಿಪಟ ಹಾರಿಸಿದವರಿಗೆ ಗೊತ್ತು, ದಾರ ಸಡಿಲವಾದರೆ ಏನೋ ತಪ್ಪಾಗಿದೆ. ಎರಡು ಅರ್ಧಗಳೂ ಒಂದೇ ಕಡೆಗೆ ಅಂಟಿದರೆ ಜಗ್ಗಾಟವಿರುವುದಿಲ್ಲ, ಎಳೆ ಸಡಿಲ. ಅಂಥ ಹಿಡಿತವನ್ನು ಕೋಶ ತಾನೇ ಕತ್ತರಿಸಿ ಮತ್ತೆ ಹಿಡಿಯಲು ಬಿಡುತ್ತದೆ. ಎರಡೂ ಕಡೆಯಿಂದ ಜಗ್ಗಾಟವಾದಾಗ ಹಿಡಿತ ಗಟ್ಟಿಯಾಗುತ್ತದೆ. ಬ್ರೂಸ್ ನಿಕ್ಲಾಸ್ ಎಂಬ ವಿಜ್ಞಾನಿ 1960ರ ದಶಕದಲ್ಲಿ ಮಿಡತೆಯ ಕೋಶದೊಳಗೆ ಗಾಜಿನ ಸೂಜಿಯಿಂದ ವರ್ಣತಂತುವನ್ನು ಜಗ್ಗಿ ಇದನ್ನು ತೋರಿಸಿದರು. ಇನ್ನೂ ಎಳೆ ಸಿಗದ ಒಂದೇ ಒಂದು ವರ್ಣತಂತು ಉಳಿದಿದ್ದರೂ ಅದರ ಹಿಡಿಕೆಯಿಂದ ನಿಲ್ಲಿ ಎಂಬ ಸಂಕೇತ ಹೊರಡುತ್ತದೆ. ಪ್ರವಾಸದ ಬಸ್ಸು ಕೊನೆಯ ಹುಡುಗ ಹತ್ತುವವರೆಗೆ ಹೊರಡದಂತೆ ಇಡೀ ಕೋಶ ಕಾಯುತ್ತದೆ. ಈ ತಡೆಯನ್ನು ನಡೆಸುವ ಜೀನ್‌ಗಳನ್ನು 1991ರಲ್ಲಿ ಎರಡು ತಂಡಗಳು ಯೀಸ್ಟಿನಲ್ಲಿ ಕಂಡುಹಿಡಿದವು. ಕೊನೆಯದೂ ಹತ್ತಿದ ಮೇಲೆ ತಡೆ ಸರಿಯುತ್ತದೆ, ಅರ್ಧಗಳನ್ನು ಕಟ್ಟಿಹಾಕಿದ್ದ ಉಂಗುರವನ್ನು ಒಂದು ಕಿಣ್ವ ಕತ್ತರಿಸುತ್ತದೆ, ಎಲ್ಲವೂ ಒಟ್ಟಿಗೆ ಹೊರಡುತ್ತವೆ. ಬೊವೆರಿಯ ನಾಲ್ಕು ಮೂಲೆಯ ಕದಿರಿನಲ್ಲಿ ತೊಂದರೆ ಏನೆಂದರೆ, ಅಲ್ಲಿಯೂ ಎಲ್ಲ ಎಳೆಗಳು ಬಿಗಿಯಾಗಿಯೇ ಇರುತ್ತವೆ. ಕಾವಲುಗಾರನಿಗೆ ಬಿಗಿ ಮಾತ್ರ ಗೊತ್ತು, ಮೂಲೆಗಳ ಎಣಿಕೆ ಗೊತ್ತಿಲ್ಲ.

ಕಾವಲು ತಪ್ಪುವುದೂ ಉಂಟು. ಮನುಷ್ಯರ ಮೊಟ್ಟೆಯಲ್ಲಿ ಹಾಗೆ ತಪ್ಪಿ 21ನೆಯ ವರ್ಣತಂತು ಒಂದು ಹೆಚ್ಚಾಗಿ ಬಂದರೆ ಡೌನ್ ಸಿಂಡ್ರೋಮ್ ಇರುವ ಮಗು ಹುಟ್ಟುತ್ತದೆ. ಇದು 1959ರಲ್ಲಿ ತಿಳಿಯಿತು. ಅದರಲ್ಲಿ ತಾಯಿಯದಾಗಲಿ ತಂದೆಯದಾಗಲಿ ದೋಷವಿಲ್ಲ, ಶಾಪವೂ ಇಲ್ಲ. ಒಂದು ಎಳೆಯ ಹಿಡಿತ ತಪ್ಪಿದ್ದು ಅಷ್ಟೇ. ಇನ್ನೊಂದು ಕಡೆ, ಕದಿರು ಕಟ್ಟದಂತೆ ಬೇಕೆಂದೇ ತಡೆಯುವ ಔಷಧಗಳಿವೆ. ಟ್ಯುಬುಲಿನ್ ಇಟ್ಟಿಗೆಗಳಿಗೆ ಅಂಟಿಕೊಂಡು ಕೊಳವೆ ಬೆಳೆಯದಂತೆ ಮಾಡುವ ವಿನ್‌ಕ್ರಿಸ್ಟಿನ್ ಮಕ್ಕಳ ರಕ್ತಕ್ಯಾನ್ಸರಿನ ಚಿಕಿತ್ಸೆಯಲ್ಲಿ ಬಳಕೆಯಲ್ಲಿದೆ. ಅದನ್ನು ತೆಗೆಯುವುದು ಮಡಗಾಸ್ಕರ್ ಮೂಲದ ಒಂದು ಗಿಡದಿಂದ. ನಾವದನ್ನು ಸದಾಪುಷ್ಪ ಎನ್ನುತ್ತೇವೆ, ಉರ್ದುವಿನಲ್ಲಿ ಸದಾಬಹಾರ್. ನಮ್ಮ ಶಾಲೆಯ ಗೇಟಿನ ಪಕ್ಕ ಯಾರೂ ನೆಡದೆ, ನೀರು ಹಾಕದೆ ಅದು ವರ್ಷವಿಡೀ ಹೂಬಿಟ್ಟಿರುತ್ತದೆ. ಮುಂದಿನ ವಾರ ಅವಧಿ ಸಿಕ್ಕಾಗ ಆ ಹುಡುಗನನ್ನೂ ಅವನ ತರಗತಿಯನ್ನೂ ಅದರ ಹತ್ತಿರ ಕರೆದುಕೊಂಡು ಹೋಗಿ, ಅಲ್ಲೇ ನಿಂತು ಈ ಕಥೆ ಹೇಳಿದೆ. ಎಲೆ ಕಿತ್ತು ಬಾಯಿಗೆ ಹಾಕಬೇಡಿ, ವಿಷ ಎಂದು ಮೊದಲೇ ಎಚ್ಚರಿಸಿದ್ದೆ.